ರೊಟ್ಟಿ, ಬುಟ್ಟಿ, ಕೌದಿ: ವಿಮಾನಕ್ಕೆ ಹೆಸರಿಟ್ಟ ನನ್ನ ಅನುಭವ

ಬೀದರಿನಲ್ಲಿ ಪಾಠ ಮಾಡುವವರಿಗೆ ಒಂದು ರೂಢಿ ತಾನಾಗಿ ಬಂದುಬಿಡುತ್ತದೆ. ತಲೆ ಮೇಲೆ ಹಾಕ್, ಅಂದರೆ ವಾಯುಪಡೆಯ ತರಬೇತಿ ಜೆಟ್ ವಿಮಾನ, ಹೋಗುವಾಗ ಮಾತು ನಿಲ್ಲಿಸುವುದು, ಸದ್ದು ಇಳಿದ ಮೇಲೆ ಬಿಟ್ಟಲ್ಲಿಂದ ಶುರು ಮಾಡುವುದು. ಇಲ್ಲಿನ ವಾಯುಪಡೆ ನೆಲೆಗೆ ಹಾಕ್ ಬಂದದ್ದು 2008ರಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆ ಸದ್ದು ಕೇಳಿದಾಗಲೆಲ್ಲ ಮಕ್ಕಳ ಕಣ್ಣು ಕಿಟಕಿ ಕಡೆ ಹೋಗುತ್ತದೆ. ಹೋಗಲಿ ಅಂತಲೇ ಥರ್ಮೋಕೋಲ್ ಗ್ಲೈಡರ್ ಮಾಡುವ ಒಂದು ಗುಂಪು ಕಟ್ಟಿದೆ.

ಆರು ಗ್ಲೈಡರ್ ತಯಾರಾದವು. ನಾನು ಅವುಗಳ ಮೇಲೆ 1, 2, 3 ಅಂತ ಬರೆದೆ. ಒಂದು ವಾರದಲ್ಲಿ ಆ ನಂಬರ್ ಯಾರ ಬಾಯಲ್ಲೂ ಉಳಿಯಲಿಲ್ಲ. ರೆಕ್ಕೆ ಮುರಿದು ಮೂರು ಬಣ್ಣದ ಟೇಪ್ ಹಚ್ಚಿಸಿಕೊಂಡದ್ದು ‘ಕೌದಿ’ ಆಯಿತು. ಯಾವಾಗಲೂ ಎಡಕ್ಕೇ ತಿರುಗುವುದು ‘ಎಡಚ’. ಅಗಲ ರೆಕ್ಕೆಯದು ‘ರೊಟ್ಟಿ’, ಹೊಟ್ಟೆ ದಪ್ಪಗಿದ್ದದ್ದು ‘ಬುಟ್ಟಿ’. ನಮ್ಮ ಕಡೆ ಜನರ ಅಡ್ಡಹೆಸರು ಹುಟ್ಟಿದ್ದೂ ಹೀಗೇ ಅಲ್ವಾ? ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಯಾರೂ ತಮಗೆ ತಾವೇ ಇಟ್ಟುಕೊಂಡಿರಲಿಕ್ಕಿಲ್ಲ. ಜೊತೆಗಿದ್ದವರು ಕರೆದರು, ಅದೇ ನಿಂತಿತು.

ಯುದ್ಧ ವಿಮಾನಗಳ ಕಥೆಯೂ ಇದೇ. ಅಮೆರಿಕದ ಎ-10ಕ್ಕೆ ಸರ್ಕಾರಿ ಹೆಸರು ‘ಥಂಡರ್‌ಬೋಲ್ಟ್ 2’. ಕರೆಯುವುದು ಮಾತ್ರ ‘ವಾರ್ಟ್‌ಹಾಗ್’, ಅಂದರೆ ಮುಖದ ತುಂಬ ಗಂಟಿರುವ ಕಾಡುಹಂದಿ. ಎಫ್-16 ‘ಫೈಟಿಂಗ್ ಫಾಲ್ಕನ್’ ಪೈಲಟ್‌ಗಳ ಬಾಯಲ್ಲಿ ‘ವೈಪರ್’. ನಮ್ಮ ವಾಯುಪಡೆಯಲ್ಲಿ ದಶಕಗಳ ಕಾಲ ಹಾರಿ 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದ ಮಿಗ್-21 ಗೊತ್ತಲ್ಲ, ಅದರ ರೆಕ್ಕೆ ಮೂರು ಮೂಲೆಯದು. ರಷ್ಯಾದವರು ಅದನ್ನು ‘ಬಾಲಲೈಕಾ’ ಅಂದರು. ಅದು ಅವರ ಮೂರು ಮೂಲೆಯ ತಂತಿವಾದ್ಯ. ಬಾಜ್, ವಜ್ರ, ಶಂಶೇರ್, ಗಜರಾಜ್ ಇವೂ ಚೆಂದದ ಹೆಸರುಗಳೇ, ಆದರೆ ಅವು ನಮ್ಮ ವಾಯುಪಡೆ ತಾನೇ ನಾಮಕರಣ ಮಾಡಿ ಇಟ್ಟವು. ಅಡ್ಡಹೆಸರಿಗೆ ನಾಮಕರಣ ಇರುವುದಿಲ್ಲ.

ನಾನು ಪೆಟ್ಟು ತಿಂದದ್ದು ರೇಡಿಯೋ ವಿಷಯದಲ್ಲಿ. ಮೈದಾನದ ಒಂದು ತುದಿಯಿಂದ ಗ್ಲೈಡರ್ ಬಿಡುವುದು, ಇನ್ನೊಂದು ತುದಿಯಲ್ಲಿ ನಿಂತವರು ದೂರ ಅಳೆದು ಬರೆದುಕೊಳ್ಳುವುದು. ಯಾವುದು ಬಿಟ್ಟೆವು ಅಂತ ಹೇಳಲು ಆಟಿಕೆಯ ವಾಕಿಟಾಕಿ ತಂದಿದ್ದೆ. ಅವತ್ತು ಗಾಳಿ ಜಾಸ್ತಿ. ನಾನು ‘ರೊಟ್ಟಿ’ ಅಂದೆ. ಆ ಕಡೆ ಹುಡುಗಿ ‘ಬುಟ್ಟಿ’ ಅಂತ ಬರೆದುಕೊಂಡಳು. ಸಂಜೆ ನೋಡಿದರೆ ಎರಡರ ಲೆಕ್ಕವೂ ಅದಲು ಬದಲು. ಎರಡು ತಾಸಿನ ಕೆಲಸ ಮಣ್ಣಾಯಿತು.

“ಸರ್, ನನಗ ಬರೇ ‘ಟ್ಟಿ’ ಅಷ್ಟೇ ಕೇಳಸ್ತದ ರೀ,” ಅಂದಳು.

ಆ ಒಂದು ಮಾತಿನಲ್ಲಿ ಇಡೀ ಪಾಠ ಇತ್ತು. ಸದ್ದಿನ ನಡುವೆ ಮೊದಲು ಸಾಯುವುದು ವ್ಯಂಜನ. ರ, ಬ, ಮ ಯಾವುದೆಂದು ತಿಳಿಯುವುದೇ ಇಲ್ಲ. ಉಳಿಯುವುದು ಸ್ವರದ ಎಳೆತ ಮತ್ತು ಪದದ ಉದ್ದ.

ಮರುದಿನ ನಾಲ್ಕು ಮಕ್ಕಳನ್ನು ಕರೆದುಕೊಂಡು ಓಣಿಯ ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯವರು ಜೋಳ ಬೀಸುತ್ತಿದ್ದರು, ನಮ್ಮನ್ನು ನೋಡಿ ನಕ್ಕು ಒಳಗೆ ಜಾಗ ಕೊಟ್ಟರು. ಮಕ್ಕಳು ಒಂದು ವಾಕಿಟಾಕಿ ಹಿಡಿದು ಯಂತ್ರದ ಪಕ್ಕ ನಿಂತರು. ನಾನು ಇನ್ನೊಂದು ಹಿಡಿದು ರಸ್ತೆಯಾಚೆಯಿಂದ ಇಪ್ಪತ್ತು ಪದ ಓದಿದೆ. ಕೇಳಿದ್ದನ್ನು ಅವರು ಬರೆಯಬೇಕು. ರೊಟ್ಟಿ, ಬುಟ್ಟಿ, ಚಿಟ್ಟೆ ಮೂರೂ ಕಲಸಿಹೋದವು. ಕಾಗೆ, ಗೂಗೆ ಹೋದವು. ‘ಕೌದಿ’ ನಾಲ್ವರಿಗೂ ಸರಿಯಾಗಿ ಕೇಳಿಸಿತು. ‘ಔ’ ಅಷ್ಟು ಬಾಯಿ ತೆರೆಸುತ್ತದೆ. ‘ಎಡಚ’, ‘ನವಿಲು’ ಕೂಡ ಉಳಿದವು. ಹಿಟ್ಟು ಮೆತ್ತಿದ ಆ ನಾಲ್ಕು ಹಾಳೆಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಆಗ ನನಗೆ ಅಮೆರಿಕದ ನೌಕಾಪಡೆಯ ಒಂದು ವಿಮಾನಕ್ಕೆ ‘ರೈನೋ’ (ಘೇಂಡಾಮೃಗ) ಅನ್ನುವ ಹೆಸರು ಯಾಕೆ ಅಂತ ಪೂರ್ತಿ ಅರ್ಥವಾಯಿತು. ಅವರ ವಿಮಾನ ಇಳಿಯುವ ಯುದ್ಧನೌಕೆ ಮೇಲೆ ‘ಹಾರ್ನೆಟ್’ ಅನ್ನುವ ವಿಮಾನ ಇತ್ತು. ಆಮೇಲೆ ‘ಸೂಪರ್ ಹಾರ್ನೆಟ್’ ಬಂತು, ಅದು ಇನ್ನೂ ಭಾರದ್ದು. ಇಳಿಯುವ ವಿಮಾನವನ್ನು ತಡೆದು ನಿಲ್ಲಿಸುವ ತಂತಿಯ ಬಿಗಿಯನ್ನು ಆಯಾ ವಿಮಾನದ ತೂಕ ನೋಡಿ ಹೊಂದಿಸಬೇಕು. ರೇಡಿಯೋದಲ್ಲಿ ‘ಸೂಪರ್’ ನುಂಗಿಹೋಗಿ ‘ಹಾರ್ನೆಟ್’ ಅಷ್ಟೇ ಕೇಳಿದರೆ ಗತಿ ಏನು? ಅದಕ್ಕೇ ಹೊಸದನ್ನು ‘ರೈನೋ’ ಅಂದರು. ಪೈಲಟ್‌ಗಳು ರೇಡಿಯೋದಲ್ಲಿ ಒಂಬತ್ತಕ್ಕೆ ‘ನೈನ್’ ಅನ್ನದೆ ‘ನೈನರ್’ ಅನ್ನುವುದೂ ಇದೇ ಕಾರಣಕ್ಕೆ, ‘ಫೈವ್’ ಜೊತೆ ಕಲಸಬಾರದು ಅಂತ. ಎ, ಬಿ, ಸಿ ಅಕ್ಷರಗಳ ಬದಲು ರೇಡಿಯೋದಲ್ಲಿ ಹೇಳುವ ಆಲ್ಫಾ, ಬ್ರಾವೋ, ಚಾರ್ಲಿ ಸಾಲು 1956ರಲ್ಲಿ ಜಾರಿಗೆ ಬಂದದ್ದೂ ಇಂಥ ಪರೀಕ್ಷೆಗಳನ್ನು ದಾಟಿಯೇ.

ಅಮೆರಿಕ ಮತ್ತು ಅದರ ಮಿತ್ರ ದೇಶಗಳ ಮಿಲಿಟರಿ ಕೂಟವಾದ ನ್ಯಾಟೋದವರು ಸೋವಿಯತ್ ವಿಮಾನಗಳಿಗೆ ಹೆಸರಿಟ್ಟ ರೀತಿಯಂತೂ ನನಗೆ ತುಂಬ ಇಷ್ಟ. ಫೈಟರ್ ಆದರೆ ‘ಎಫ್’ ಅಕ್ಷರ, ಬಾಂಬರ್ ಆದರೆ ‘ಬಿ’, ಸಾಗಣೆಯದಾದರೆ ‘ಸಿ’. ಒಂದೇ ಉಸಿರಿನ ಪದವಾದರೆ ಪಂಖ ತಿರುಗುವ ವಿಮಾನ, ಎರಡು ತುಂಡಿನ ಪದವಾದರೆ ಜೆಟ್. ಮಿಗ್-21 ‘ಫಿಶ್‌ಬೆಡ್’, ಟಿಯು-95 ‘ಬೇರ್’. ಹೆಸರು ಕೇಳಿದ ಕೂಡಲೇ ಬರುತ್ತಿರುವುದು ಏನು ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಇದನ್ನೇ ಹಿಡಿದು ನಾವೂ ಒಂದು ನಿಯಮ ಮಾಡಿದೆವು. ರಬ್ಬರ್ ಬ್ಯಾಂಡಿನಿಂದ ಹಾರುವುದಕ್ಕೆ ಎರಡಕ್ಷರ, ಕೈಯಿಂದ ಎಸೆಯುವುದಕ್ಕೆ ಮೂರಕ್ಷರ. ಕೌದಿಗೆ ರಬ್ಬರ್ ಬ್ಯಾಂಡ್ ಕಟ್ಟಿದೆವು, ಎಡಚ ಕೈಯಲ್ಲೇ ಉಳಿಯಿತು. ರೊಟ್ಟಿಯ ರೇಡಿಯೋ ಹೆಸರು ‘ನವಿಲು’ ಆಯಿತು. ಊಟದ ಹೊತ್ತಿನಲ್ಲಿ ಅದು ಈಗಲೂ ರೊಟ್ಟಿಯೇ. ಬೇಡ ಅನ್ನಲು ನನಗೆ ಮನಸ್ಸಿಲ್ಲ.

ಅಂಟಿದ ಹೆಸರು ಬಿಡುವುದಿಲ್ಲ ಅನ್ನುವುದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ. 1996ರಲ್ಲಿ ಇಲ್ಲೇ ಬೀದರಿನಲ್ಲಿ ಶುರುವಾದ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಆಗ ಹಾರಿಸುತ್ತಿದ್ದದ್ದು ಎಚ್‌ಎಎಲ್‌ನ ಕಿರಣ್ ವಿಮಾನ. 2011ರಲ್ಲಿ ತಂಡ ನಿಂತಿತು. 2015ರಲ್ಲಿ ಮತ್ತೆ ಎದ್ದಾಗ ಕೈಗೆ ಬಂದದ್ದು ಹಾಕ್. ವಿಮಾನ ಬದಲಾದರೂ ಹೆಸರಿನಲ್ಲಿ ಕಿರಣ ಉಳಿದುಕೊಂಡಿತು.

ಹೋದ ತಿಂಗಳು ಪೇಪರಿನಲ್ಲಿ ಬಂದ ಹಾಕ್ ಫೋಟೋ ತರಗತಿಗೆ ಒಯ್ದಿದ್ದೆ. ಅದರಲ್ಲಿ ಸೀಟು ಎರಡು, ಒಂದರ ಹಿಂದೆ ಒಂದು. ಹಿಂದಿನದು ಎತ್ತರದಲ್ಲಿದೆ, ಕಲಿಸುವವರಿಗೆ ಮುಂದೆ ಕಾಣಲಿ ಅಂತ. ಎಂಟನೆಯ ತರಗತಿಯ ಹುಡುಗ ಅದನ್ನೇ ದಿಟ್ಟಿಸಿ ನೋಡಿ, “ಜಾತ್ರ್ಯಾಗ ಅಪ್ಪನ ಹೆಗಲ ಮ್ಯಾಲ ಕೂಸು ಕುಂತಂಗ ಅದ ರೀ ಸರ್,” ಅಂದ. ಅಷ್ಟೇ, ಹಾಕ್ ‘ಹೆಗಲಕೂಸು’ ಆಯಿತು. ಐದಕ್ಷರ, ರೇಡಿಯೋಗೆ ಉದ್ದ ಆಯಿತು ಅಂತ ಮಕ್ಕಳೇ ಕತ್ತರಿಸಿ ‘ಹೆಗಲು’ ಮಾಡಿದರು. ಬರುವ ಶನಿವಾರ ಅದನ್ನು ಗಿರಣಿಗೆ ಒಯ್ಯುತ್ತೇವೆ.