ಉದ್ರಿ ಪುಸ್ತಕದ ಹಿಂದಿನ ಪುಟಗಳು

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಊರ ಹೊರಗೆ ಎರಡು ಎಕರೆ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. 2023 ಬರದ ವರ್ಷ. ಡ್ಯಾಂ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಬಿಡಲಿಲ್ಲ. ನಾಟಿ ಇಲ್ಲದ ಮೇಲೆ ಕೂಲಿ ಎಲ್ಲಿಂದ? ಅಂಗಡಿಯಲ್ಲಿ ಉದ್ರಿ ಬರೆಯುವುದೇ ನನ್ನ ಕೆಲಸವಾಯಿತು.

ಆ ಚಳಿಗಾಲದಲ್ಲೇ ನಾನು ದಿನಾ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳುವುದನ್ನು ಕಲಿಯಲು ಕೂತೆ. ಕಾರಣ ನನ್ನ ಮಗಳು. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ "ಈ ದಿನದ ಎಲ್ಲ ಉಪಕಾರಗಳಿಗಾಗಿ ಸ್ತೋತ್ರ ಸ್ವಾಮಿ" ಅಂತ ಒಂದೇ ಉಸಿರಿಗೆ ಮುಗಿಸಿ, ಬೇಡಿಕೆಗಳ ಗಂಟು ಬಿಚ್ಚುವುದು ನನ್ನ ರೂಢಿ. ಒಂದಿನ ಆಕಿ ಕಣ್ಣು ತೆರೆದು, "ಎಲ್ಲ ಉಪಕಾರ ಅಂದ್ರ ಯಾವು ಯವ್ವಾ?" ಅಂದಳು. ಒಂದೂ ನೆನಪಾಗಲಿಲ್ಲ.

"ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ" ಎಂದು ಬೈಬಲ್ಲಿನ 103ನೇ ಕೀರ್ತನೆಯಲ್ಲಿ ಕೀರ್ತನೆಗಾರ ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ. ಮರೆಯದಿರಲು ಅಂಗಡಿಯವರಿಗೆ ಗೊತ್ತಿರುವ ಉಪಾಯ ಒಂದೇ. ಷಟರ್ ಎಳೆದ ಮೇಲೆ ಉದ್ರಿ ಪುಸ್ತಕವನ್ನು ತಿರುವಿ, ಹಿಂದಿನ ಪುಟದಿಂದ ಬರೆಯತೊಡಗಿದೆ. ಮುಂದಿನಿಂದ ಜನ ನನಗೆ ಕೊಡಬೇಕಾದದ್ದು, ಹಿಂದಿನಿಂದ ನಾನು ತೀರಿಸಲಾಗದ್ದು.

ಮೊದಲ ವಾರ ಬರೆದದ್ದೆಲ್ಲ ಸಪ್ಪೆ. ಆರೋಗ್ಯ, ಅನ್ನ, ಮಕ್ಕಳು. ಯಾರ ಮನೆಯ ಪುಸ್ತಕದಲ್ಲಾದರೂ ಹೊಂದುವಂಥವು. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಇವತ್ತೇ ಆಗಿರಬೇಕು, ಯಾರ ಕೈಯಿಂದ ಬಂತು ಅಂತಲೂ ಬರೆಯಬೇಕು. "ಮೂರು ತಿಂಗಳ ಬಾಕಿ 840 ರೂಪಾಯಿ, ಕೇಳದೆ ತಂದುಕೊಟ್ಟರು." "ಜ್ವರದಲ್ಲಿ ಮಲಗಿದ್ದಾಗ ಪಕ್ಕದ ಮನೆಯ ಅಜ್ಜಿ ಗಂಜಿ ಕಾಯಿಸಿ ತಂದಳು. ಆಕೆ ನಮ್ಮ ಚರ್ಚಿನವಳಲ್ಲ." ಪ್ರಾರ್ಥನೆಗೆ ಕೂತಾಗ ಆ ಸಾಲನ್ನೇ ಓದುತ್ತಿದ್ದೆ. ಮಗಳೂ ಒಂದು ಸಾಲು ಸೇರಿಸುತ್ತಿದ್ದಳು, ಬಹುಪಾಲು ಶಾಲೆಯ ಬಿಸಿಯೂಟದ ಮೊಟ್ಟೆ.

ಏನೂ ಹೊಳೆಯದ ದಿನಗಳೂ ಇದ್ದವು. ಬಲವಂತವಾಗಿ ಬರೆದರೆ ಅದು ಸುಳ್ಳು ಲೆಕ್ಕ. ಅಂಥ ದಿನ 13ನೇ ಕೀರ್ತನೆಯನ್ನು ನೋಡಿ ಬರೆಯುತ್ತಿದ್ದೆ. ಆರೇ ವಚನ, ಮೊದಲೆರಡರಲ್ಲಿ "ಎಷ್ಟರವರೆಗೆ?" ಅಂತ ನಾಲ್ಕು ಸಲ ದೇವರನ್ನು ಕೇಳಿ, ಕೊನೆಗೆ ಹಾಡು. ದೂರನ್ನು ನುಂಗಿ ಮೇಲೆ ಸ್ತೋತ್ರ ಹಚ್ಚುವುದು ನಮ್ಮ ಕೂಟಗಳಲ್ಲಿ ಬಹಳ ನಡೆಯುತ್ತದೆ. ನನಗೆ ಅದು ಒಗ್ಗಲಿಲ್ಲ.

ಹೀಗೆ ಎಂಟು ತಿಂಗಳು. 2024ರಲ್ಲಿ ಮಳೆ ಚೆನ್ನಾಯಿತು, ಡ್ಯಾಂ ತುಂಬಿತು, ನಾಟಿ ಮುಗಿಸಿದೆವು. ಆಗಸ್ಟ್ 10, ಶನಿವಾರ ರಾತ್ರಿ ಡ್ಯಾಂನಿಂದ ನದಿಗೆ ನೀರು ಬಿಡುವ 19ನೇ ಕ್ರಸ್ಟ್ ಗೇಟಿನ ಚೈನ್ ಹರಿದು ಗೇಟ್ ಕೊಚ್ಚಿಹೋಯಿತು. ಭಾನುವಾರ ಆರಾಧನೆಯಲ್ಲಿ ಹಾಡಿಗೆ ದನಿಯೇ ಏಳಲಿಲ್ಲ. ಅರ್ಧ ಜನ ಮೊಬೈಲಿನಲ್ಲಿ ನದಿಗೆ ಹೋಗುತ್ತಿದ್ದ ನೀರು ನೋಡುತ್ತಿದ್ದರು. ಬೆರಳುದ್ದದ ಪೈರು, ಮೈಮೇಲೆ ಗೊಬ್ಬರದ ಸಾಲ. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಮುಂದಿನ ಭಾನುವಾರ ನಾನು ಸ್ತೋತ್ರ ಕಾಣಿಕೆ ಹಾಕಿ, ಎದ್ದು ನಿಂತು ಸಾಕ್ಷಿ ಹೇಳಿದೆ: ದೇವರು ನಮ್ಮ ಬೆಳೆ ಉಳಿಸಿದ.

ಅವತ್ತೇ ಸಂಜೆ ಅಕ್ಕನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅಕ್ಕನನ್ನು ಕೊಟ್ಟದ್ದು ರಾಯಚೂರು ಜಿಲ್ಲೆ ಸಿರವಾರ ತಾಲ್ಲೂಕಿಗೆ. ಅದೇ ಕಾಲುವೆ, ಆದರೆ ಕೊನೆಭಾಗ. ಕಾಲುವೆಯ ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಏರಿದರಷ್ಟೇ ಅವರಿಗೆ ನೀರಿನ ಆಸೆ. "ನಿಮ್ಮದೇನ ಬಿಡವ್ವಾ, ಕಾಲುವಿ ಬಾಯಾಗ ಅದೀರಿ. ನಮಗ ಗೇಟ್ ಇದ್ದಾಗನೂ ನೀರಿಲ್ಲ, ಹೋದಾಗನೂ ಇಲ್ಲ" ಅಂದಳು. ಸಿಟ್ಟಿನಿಂದಲ್ಲ, ಸುಮ್ಮನೆ.

ರಾತ್ರಿ ಪುಸ್ತಕ ತಿರುವಿದೆ. ಹಳೆಯ ಸಾಲುಗಳು ಬೇರೆಯಾಗಿ ಕಂಡವು. "ಅವರ ಗಾಡಿ ಬಿತ್ತು, ನಮ್ಮವರು ಸುರಕ್ಷಿತ." "ಆ ಮನೆಯ ಹುಡುಗ ಫೇಲ್, ನಮ್ಮವಳು ಪಾಸ್." ಲೂಕನ ಸುವಾರ್ತೆ 18ನೇ ಅಧ್ಯಾಯದ ಫರಿಸಾಯನೂ, ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ, ತನ್ನ ಪ್ರಾರ್ಥನೆಯನ್ನು ಸ್ತೋತ್ರದಿಂದಲೇ ಶುರುಮಾಡುತ್ತಾನೆ, ತಾನು ಉಳಿದವರಂತಲ್ಲ ಅಂತ. ಭಾನುವಾರ ಶಾಲೆಯಿಂದ ಕೇಳಿದ ಕಥೆ. ನನ್ನ ಕೈಬರಹದಲ್ಲಿ ಓದಿದ್ದು ಆವತ್ತೇ. ಪಕ್ಕದವರ ಕಷ್ಟ ಇಲ್ಲದಿದ್ದರೆ ನನ್ನ ಅರ್ಧ ಸ್ತೋತ್ರ ಹುಟ್ಟುತ್ತಲೇ ಇರಲಿಲ್ಲ. ಅವನ್ನು ಹೊಡೆದು ಹಾಕಿದೆ. ಎರಡನೇ ನಿಯಮ ಆಯಿತು: ಸಾಲಿನಲ್ಲಿ ಹೋಲಿಕೆ ಇರಬಾರದು. ಹೇಳುವುದು ಸುಲಭ. ಮೂರು ವಾರ ಪುಟಗಳು ಬಿಳಿಯಾಗೇ ಇದ್ದವು.

ನೀರಿನ ವಿಷಯ ಮಾತ್ರ ಹೊಡೆದು ಹಾಕಿದರೆ ಹೋಗುವಂಥದ್ದಲ್ಲ. ಕಾಲುವೆ ಏರಿಯ ಮೇಲೆ ನಮ್ಮದೂ ಒಂದು ಪಂಪು ಇತ್ತು, ಪರವಾನಗಿ ಇಲ್ಲದ್ದು. ಸರದಿ ತಪ್ಪಿದಾಗ ರಾತ್ರಿ ಹಚ್ಚುತ್ತಿದ್ದೆವು. ಎಲ್ಲರೂ ಹಚ್ಚುತ್ತಾರೆ. "ಗದ್ದೆಗೆ ನೀರು, ಯೆಹೋವನಿಗೆ ಸ್ತೋತ್ರ" ಅಂತ ಬರೆದ ಹಲವು ದಿನ ಆ ನೀರು ಪಂಪಿನದು. ಯಾರ ಕೈಯಿಂದ ಬಂತು ಅಂತ ಬರೆಯುವುದು ನಾನೇ ಹಾಕಿಕೊಂಡ ನಿಯಮವಲ್ಲವೇ? ಅಲ್ಲಿ ಅಕ್ಕನ ಹೆಸರು ಬರೆಯಬೇಕಾಗಿತ್ತು.

ಮನೆಯವರಿಗೆ ಹೇಳಿದೆ. "ನಮ್ಮೊಂದು ಪಂಪು ನಿಂತರೆ ಸಿರವಾರಕ್ಕೆ ನೀರು ಮುಟ್ಟುತ್ತದೇನು?" ಅಂದರು. ಮುಟ್ಟುವುದಿಲ್ಲ, ಅದು ನನಗೂ ಗೊತ್ತು. ವಾದ ಮಾಡಲಿಲ್ಲ. ಪಂಪು ಓಡಿದ ದಿನ ಆ ಸಾಲನ್ನು ಖಾಲಿ ಬಿಟ್ಟು ಪ್ರಾರ್ಥನೆಯಲ್ಲಿ ನೀರಿನ ಮಾತೆತ್ತದೆ ಸುಮ್ಮನಾಗುತ್ತಿದ್ದೆ. ಸುಗ್ಗಿ ಮುಗಿಯುವ ಹೊತ್ತಿಗೆ ಅವರೇ ಅದನ್ನು ಬಿಚ್ಚಿ ಕೊಟ್ಟಿಗೆಯಲ್ಲಿಟ್ಟರು. ಯಾಕೆ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮರುವರ್ಷ ನಮ್ಮ ಗದ್ದೆಯ ಮೇಲ್ಭಾಗದಲ್ಲಿ ನಾಲ್ಕು ಚೀಲ ಕಡಿಮೆಯಾಯಿತು. ಅದಕ್ಕೆ ನನಗೆ ಸ್ತೋತ್ರ ಬರಲಿಲ್ಲ. 13ನೇ ಕೀರ್ತನೆ ಬರೆದೆ.

ಈಗಿನ ಪುಸ್ತಕ ನಾಲ್ಕನೆಯದು. ದಿನಕ್ಕೊಂದೇ ಸಾಲು, ಕೆಲವು ದಿನ ಅದೂ ಇಲ್ಲ. ಹೋದ ಹಂಗಾಮಿನಲ್ಲಿ ಒಂದು ನಡುರಾತ್ರಿ ಅಕ್ಕನ ಫೋನು ಬಂತು. ಯಾರಿಗೇನಾಯಿತೋ ಅಂತ ಗಾಬರಿಯಲ್ಲಿ ಎತ್ತಿದರೆ, ಆ ಕಡೆಯಿಂದ ಬರೀ ನೀರಿನ ಸಪ್ಪಳ. "ಕೇಳಸ್ತದೇನ? ಮೊಣಕಾಲತನ ಬಂದಾವ. ನಾಕ ದಿನ ಇರ್ತಾವಂತ" ಅಂದಳು. ಲೈಟು ಹಚ್ಚದೆ, ಮೊಬೈಲಿನ ಬೆಳಕಿನಲ್ಲೇ ಪುಸ್ತಕ ತಿರುವಿ ಬರೆದೆ. ಬೆಳಿಗ್ಗೆ ನೋಡಿದರೆ ಹಿಂದಿನ ಪುಟದ ಬದಲು ಮುಂದಿನದರಲ್ಲಿ, ಯಾರದೋ ಎಣ್ಣೆ-ಬೇಳೆಯ ಬಾಕಿಯ ಕೆಳಗೆ ಬರೆದಿದ್ದೆ.