ತೌಡು ಹುರಿದು ವಾಪಸ್ ಹಾಕಿದ ಮೇಲೆ ಕೂಡಿ ಬಂದ ಗೋಧಿ ಬಿಸ್ಕಿಟ್

ಈ ಸಲ ಹಬ್ಬಕ್ಕೆ ನಮ್ಮ ಮನೆಯಿಂದ ಹೋದ ಅಷ್ಟೂ ಬಿಸ್ಕಿಟ್ ಮನೆಯಲ್ಲೇ ಬೀಸಿದ ಗೋಧಿಯದು. ಒಂದು ಚಮಚ ಮೈದಾ ಸೇರಿಲ್ಲ, ಪಾಕೀಟಿನ ಆಟಾ ಸೇರಿಲ್ಲ, ತೌಡನ್ನೂ ಚೆಲ್ಲಿಲ್ಲ. ದೀಪಾವಳಿಗೆ ಮೂವತ್ತು ಕೆಜಿ ಹತ್ತಿರ ಹೋಯಿತು, ಕ್ರಿಸ್‌ಮಸ್‌ಗೆ ಅದಕ್ಕೂ ಹೆಚ್ಚು. ಹಬ್ಬ ಮುಗಿದು ಜನವರಿ ಬಂದರೂ "ಇನ್ನೊಂದ್ ಡಬ್ಬಿ ಸಿಗತೈತೇನ್ರಿ" ಅಂತ ಫೋನ್ ನಿಂತಿರಲಿಲ್ಲ. "ಮೈದಾ ಇಲ್ದ ಬಿಸ್ಕಿಟ್ ಅಂದ್ರ ಬಾಯಿಗೆ ಶಿಕ್ಷಾ" ಅಂದಿದ್ದವರೂ ಫೋನ್ ಮಾಡಿದವರಲ್ಲಿ ಇದ್ದರು. ಬೇಕಿಂಗ್ ಮಾಡುವವರಿಗೆ ಬೆಣ್ಣೆ ನಾದುವುದು, ಓವನ್ ಕಾಯಿಸುವುದು ಹೇಳಿಕೊಡಬೇಕಿಲ್ಲ. ನಾನು ಹಿಟ್ಟಿನ ಸಂಗತಿಯನ್ನಷ್ಟೇ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಕೈಬಿಡುವುದು ಅಲ್ಲೇ.

ನಮ್ಮದು ಧಾರವಾಡ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1837ರಲ್ಲಿ. ಆ ಸಭೆಯ ಮನೆತನಗಳಲ್ಲಿ ನಮ್ಮದೂ ಒಂದು. ಕ್ರಿಸ್‌ಮಸ್ ಬಂತೆಂದರೆ ಓಣಿಯ ಪ್ರತಿ ಮನೆಗೂ ಕರ್ಚಿಕಾಯಿ, ಶಂಕರಪೋಳಿ, ಚಕ್ಕುಲಿ, ಬಿಸ್ಕಿಟ್ ಇಟ್ಟ ತಾಟು ಹೋಗಲೇಬೇಕು. ಬಿಸ್ಕಿಟ್ ಮಾತ್ರ ಮನೆಯಲ್ಲಿ ಆಗುತ್ತಿರಲಿಲ್ಲ. ಹಿಟ್ಟು, ಸಕ್ಕರೆ, ಡಾಲ್ಡಾ ಕಟ್ಟಿಕೊಂಡು ಬೇಕರಿಗೆ ಹೋಗಿ, ಬ್ರೆಡ್ ತೆಗೆದ ಮೇಲೆ ಉಳಿದ ಭಟ್ಟಿಯ ಕಾವಿನಲ್ಲಿ ಬೇಯಿಸಿಕೊಂಡು ತಗಡಿನ ಡಬ್ಬಿಯಲ್ಲಿ ತುಂಬಿ ತರುವುದು ರೂಢಿ. ನಾನೂ ಮೊದಲು ಹಾಗೇ ಮಾಡಿದೆ, ಮೈದಾ ಬದಲು ಓಣಿಯ ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು ಒಯ್ದೆ ಅಷ್ಟೇ. ಭಟ್ಟಿಯವರು ಹಿಟ್ಟು ಮುಟ್ಟಿ ನೋಡಿದವರೇ "ಇದು ಆಗಂಗಿಲ್ರೀ ಅಕ್ಕಾರ" ಅಂದರು. ಅವತ್ತಿಗೆ ಅವರ ಮಾತೇ ಗೆದ್ದಿತು. ಐದು ಕೆಜಿ ಬಿಸ್ಕಿಟ್ ಹೆಂಚಿನ ಚೂರಿನಂತೆ ಹೊರಬಂತು. ಬೆಣ್ಣೆಯೇ ಏಳುನೂರು ರೂಪಾಯಿ ಮೇಲಿನದು. ಎಲ್ಲವೂ ಹಾಲಿನವರ ಎಮ್ಮೆಗೆ ಹೋಯಿತು.

ಕಾರಣ ಗೋಧಿಯಲ್ಲ, ಬೀಸುವ ಬಗೆ. ಚಪಾತಿಗೆ ಬೇಕೆಂದು ಗಿರಣಿಯವರು ಕಲ್ಲು ಬಿಗಿ ಮಾಡಿ ನುಣ್ಣಗೆ ಬೀಸುತ್ತಾರೆ, ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಬೀಳುತ್ತದೆ. ಹಾಗೆ ಅರೆದಾಗ ಪಿಷ್ಟದ ಕಣ ಒಡೆಯುತ್ತದೆ, ಒಡೆದ ಪಿಷ್ಟ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಚಪಾತಿ ಮೆತ್ತಗಿರಲು ಅದೇ ಬೇಕು. ಬಿಸ್ಕಿಟ್‌ಗೆ ಅದೇ ಶತ್ರು: ಕಣಕ ಹರಡುವುದಿಲ್ಲ, ಒಳಗಿನ ನೀರು ಹೊರಗೆ ಬರುವಷ್ಟರಲ್ಲಿ ಅಂಚು ಸೀದಿರುತ್ತದೆ. ಮೇಲಾಗಿ ನಮಗಿಂತ ಮುಂಚೆ ಬೀಸಿಸಿದವರ ಜೋಳವೋ ಕಡಲೆಬೇಳೆಯೋ ನಮ್ಮ ಹಿಟ್ಟಿಗೆ ಸೇರಿಯೇ ಸೇರುತ್ತದೆ.

ಹೀಗಾಗಿ ಮನೆಗೆ ಸಣ್ಣ ಗಿರಣಿ ತಂದೆವು, ಒಂದು ಎಚ್‌ಪಿ (ಕುದುರೆಶಕ್ತಿ) ಮೋಟಾರಿನದು, ಹದಿನೆಂಟು ಸಾವಿರದ ಆಸುಪಾಸು. ಮನೆಯಲ್ಲಿ ಇದರ ಬಗ್ಗೆ ಬಹಳ ಮಾತಾಯಿತು, ಅದನ್ನು ಬರೆಯುವುದು ಬೇಡ. ಗೋಧಿಯನ್ನು ಹಿಂದಿನ ರಾತ್ರಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಟ್ಟು, ಬೆಳಿಗ್ಗೆ ತೆಗೆದ ಕೂಡಲೇ ಬೀಸುತ್ತೇನೆ. ಡಬ್ಬಿ ತೆರೆದಿಟ್ಟು ಚಹಾ ಕುಡಿಯಲು ಕೂತರೆ ಕಾಳಿನ ಮೇಲೆ ನೀರಾಡುತ್ತದೆ, ಹಿಟ್ಟು ಗಿರಣಿಯ ಜಾಲಿಗೆ, ಅಂದರೆ ಹಿಟ್ಟು ಸೋಸಿ ಬೀಳುವ ತೂತಿನ ತಗಡಿಗೆ, ಮೆತ್ತಿಕೊಳ್ಳುತ್ತದೆ. ಚಪಾತಿ ಜಾಲಿ ತೆಗೆದು ಅದಕ್ಕಿಂತ ಒಂದು ನಂಬರ್ ದಪ್ಪದ್ದು ಹಾಕುತ್ತೇನೆ. ಬಿದ್ದ ಹಿಟ್ಟನ್ನು ಬಟ್ಟೆಯ ಮೇಲೆ ಹರಡಿ ಆರಿಸಿದ ಮೇಲೆಯೇ ಬೆಣ್ಣೆಯ ಹತ್ತಿರ ತರುತ್ತೇನೆ.

ಯಾವ ಗೋಧಿ? ಇದರಲ್ಲಿ ದುಡ್ಡು ಬಹಳ ಹೋಯಿತು. ರವೆಗೆ ಹೆಸರಾದ ಗಟ್ಟಿ ಹೊಂಬಣ್ಣದ ಡ್ಯೂರಮ್ ಜಾತಿಗಳು ಕಣಕದಲ್ಲಿ ಮರಳಾಗಿ ಉಳಿದವು. ಅದನ್ನೇ ನುಣ್ಣಗೆ ಬೀಸಿದರೆ ಮೊದಲಿನ ಕಥೆಯೇ. ಚಪಾತಿಗೆ ಬಳಸುವ ಲೋಕವಾನ್ ಗೋಧಿ ಒಂದನ್ನೇ ಹಾಕಿದರೆ ಬಿಸ್ಕಿಟ್ ಆಗುತ್ತದೆ, ಆದರೆ ಮುರಿಯುವಾಗ ಎಳೆಯುತ್ತದೆ. ಸದಕ ಗೋಧಿ, ಪೇಟೆಯವರು ಖಪ್ಲಿ ಅನ್ನುವುದು, ಒಂದೇ ಹಾಕಿದರೆ ಜಿಗುಟೇ ಇಲ್ಲದೆ ತಟ್ಟೆಯಿಂದ ಎತ್ತುವಾಗಲೇ ಪುಡಿ. ಎರಡು ಪಾಲು ಲೋಕವಾನ್, ಒಂದು ಪಾಲು ಸದಕ ಮಾಡಿದಾಗ ಕೂಡಿ ಬಂತು. ನಮ್ಮ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ತಳಿಯ ಸದಕ ಬೆಳೆಯುವ ರೈತರು ಗುರುತಿನವರಿದ್ದಾರೆ, ಸಿಪ್ಪೆ ತೆಗೆಸಿ ಕೆಜಿಗೆ ತೊಂಬತ್ತರಂತೆ ಕೊಟ್ಟರು. ಲೋಕವಾನ್ ನಲವತ್ತರ ಒಳಗೇ ಸಿಕ್ಕಿತ್ತು.

ಇನ್ನು ತೌಡು. ಹೊಸದಾಗಿ ಬೀಸಿದ ಇಡೀ ಗೋಧಿ ಹಿಟ್ಟಿಗೆ ಒಂದು ಹಸಿ ವಾಸನೆ ಇರುತ್ತದೆ, ಏಲಕ್ಕಿ ಎಷ್ಟು ಹಾಕಿದರೂ ಅಡಗುವುದಿಲ್ಲ. ತೌಡಿನ ಚೂಪು ಚೂರು ನಾಲಿಗೆಗೆ ಚುಚ್ಚುತ್ತದೆ, ಕಣಕದ ನೀರನ್ನೂ ತಾನೇ ಕುಡಿಯುತ್ತದೆ. ಮೊದಲು ಎಲ್ಲರೂ ಹೇಳಿದಂತೆ ಹಾಲು ಹೆಚ್ಚಿಸಿ ನೋಡಿದೆ, ಬನ್ನಿನ ಹಾಗೆ ಮೆತ್ತಗಾಯಿತು. ತೌಡನ್ನು ಬಿಸಿ ಹಾಲಿನಲ್ಲಿ ನೆನೆಸಿ ಸೇರಿಸಿದೆ, ಮೂರನೇ ದಿನ ಡಬ್ಬಿಯಲ್ಲಿ ಮೆದುವಾಯಿತು. ಕಡೆಗೆ ಮಾಡಿದ್ದು ಇದು: ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸಾಣಿಸುತ್ತೇನೆ. ಅರ್ಧ ಕೆಜಿಗೆ ಐವತ್ತು ಗ್ರಾಂ ಆಚೆ ಈಚೆ ತೌಡು ಉಳಿಯುತ್ತದೆ. ಅದನ್ನು ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಮೊದಲು ಒದ್ದೆ ಚೀಲದ ವಾಸನೆ ಏಳುತ್ತದೆ. ಅದು ಹೋಗಿ, ಬೇಸನ್ ಉಂಡಿಗೆ ಹಿಟ್ಟು ಹುರಿಯುವಾಗಿನ ಘಮ ಬರುವವರೆಗೆ ಕೈ ನಿಲ್ಲಿಸಬಾರದು. ಬಣ್ಣ ಬೆಲ್ಲದ ಕಡೆ ತಿರುಗಿದ ಕೂಡಲೇ ಬೇರೆ ತಾಟಿಗೆ ಸುರಿಯಬೇಕು, ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಹಿಯಾಗುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಹಿಟ್ಟಿಗೆ ವಾಪಸ್. ತುಪ್ಪ ಹತ್ತಿದ ತೌಡು ಅಷ್ಟು ನೀರು ಕುಡಿಯುವುದಿಲ್ಲ, ಹುರಿದದ್ದರಿಂದ ಬೇಗ ಕಮಟುವುದೂ ಇಲ್ಲ. ಹುರಿಯುವಾಗ ನಾನು ಇನ್ನೊಂದು ಪದಾರ್ಥ ಹಾಕುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದಿದ್ದರೂ ಬಿಸ್ಕಿಟ್ ಚೆನ್ನಾಗಿಯೇ ಆಗುತ್ತದೆ.

ಅಳತೆ ಅರ್ಧ ಕೆಜಿ ಹಿಟ್ಟಿಗೆ ಬೆಣ್ಣೆ 260 ಗ್ರಾಂ, ಪುಡಿ ಸಕ್ಕರೆ 220, ಹಾಲು ಮೂರು ನಾಲ್ಕು ಚಮಚ, ಉಪ್ಪು, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್. ಉಬ್ಬಲೆಂದು ಬೇಕರಿಯವರಂತೆ ಅಮೋನಿಯಾ ಪುಡಿ ಹಾಕುವುದಿಲ್ಲ. ಕಲಸಿದಾಗ ಕಣಕ ತೀರಾ ಸಡಿಲ ಅನಿಸುತ್ತದೆ, ಆಗ ಹಿಟ್ಟು ಸೇರಿಸುವ ಆಸೆ ಯಾರಿಗೂ ಬರುತ್ತದೆ. ಸೇರಿಸಬಾರದು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಡಬೇಕು. ಬೆಳಿಗ್ಗೆ ಅದೇ ಕಣಕ ಹೆಬ್ಬೆರಳಿಂದ ಒತ್ತಿದರೆ ಅಂಚು ಬಿರಿಯದೆ ಗುಳಿ ಬೀಳುವ ಹದಕ್ಕೆ ಬಂದಿರುತ್ತದೆ. 160 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ ಸಾಕು. ಬಣ್ಣ ನೋಡಿ ತೆಗೆಯುವ ರೂಢಿ ಇದರಲ್ಲಿ ನಡೆಯುವುದಿಲ್ಲ, ಹಸಿ ಕಣಕವೇ ಕಂದು. ತಳ ನೋಡಬೇಕು.

ಇಡೀ ಗೋಧಿಯ ಕಣಕ ಮೈದಾದಷ್ಟು ಹರಡುವುದಿಲ್ಲ ಎಂಬ ದೂರು ಎಲ್ಲರದೂ. ಕ್ರಿಸ್‌ಮಸ್‌ಗೆ ಅದೇ ನನಗೆ ಲಾಭವಾಯಿತು. ಶುಂಠಿ, ದಾಲ್ಚಿನ್ನಿ, ಲವಂಗ ಹಾಕಿ ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸಿದರೆ ಐದೂ ಮೂಲೆ ಕತ್ತರಿಸಿದ ಹಾಗೇ ನಿಲ್ಲುತ್ತವೆ. ಮೈದಾದ್ದು ಇಷ್ಟು ಚೊಕ್ಕವಾಗಿ ನಿಂತದ್ದನ್ನು ನಾನು ಕಂಡಿಲ್ಲ. ಮಸಾಲೆಯ ಪ್ರಮಾಣ ಅತ್ತೆಯವರದು, ಕೇಳಬೇಡಿ.

ನಡುವೆ ಬೇರೆ ಆಟಗಳೂ ಆದವು. ಮಾಲದಂಡಿ ಜೋಳ ಐದರಲ್ಲಿ ಒಂದು ಪಾಲು ಸೇರಿಸಿದೆ, ಬಿಸಿ ಇರುವಾಗ ಅದ್ಭುತ, ಮರುದಿನ ಮರಳು ಮರಳು. ಗೋಧಿ ಮೊಳಕೆ ಬರಿಸಿ ನೆರಳಲ್ಲಿ ಒಣಗಿಸಿ ಬೀಸಿದೆ. ಅದು ತಾನೇ ಸಿಹಿ, ಸಕ್ಕರೆ ಮೂವತ್ತು ಗ್ರಾಂ ಕಡಿಮೆ ಸಾಕು, ಆದರೆ ಓವನ್ನಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಕಪ್ಪಾಗುತ್ತದೆ. ಕಾವು ಇಳಿಸಿ ಇನ್ನೂ ನೋಡುತ್ತಿದ್ದೇನೆ, ಅದರಲ್ಲಿ ಏನೋ ಇದೆ. ಅದೇ ಹುರಿದ ತೌಡಿನ ಹಿಟ್ಟಿನಲ್ಲಿ ಶಂಕರಪೋಳಿ ಕರಿದೆ. ಅದಂತೂ ಬಿಸ್ಕಿಟ್‌ಗಿಂತ ಮೊದಲು ಖಾಲಿಯಾಯಿತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಅರ್ಧ ಕೆಜಿ ಹಿಟ್ಟಿಗೆ ಒಂಬೈನೂರು ಗ್ರಾಂ ಮೇಲೆ ಬಿಸ್ಕಿಟ್ ಬರುತ್ತದೆ. ಗೋಧಿ ಮೂವತ್ತು ರೂಪಾಯಿ, ಬೆಣ್ಣೆ ನೂರೈವತ್ತು, ಸಕ್ಕರೆ, ಹಾಲು, ಏಲಕ್ಕಿ, ಕರೆಂಟ್, ಡಬ್ಬಿ ಎಲ್ಲ ಸೇರಿ ಕೆಜಿಗೆ 260ರಿಂದ 270 ಬೀಳುತ್ತದೆ. ಮಾರಿದ್ದು 520ಕ್ಕೆ. ಪೇಟೆಯಲ್ಲಿ ಮೈದಾ ಬಿಸ್ಕಿಟ್ ಇದರ ಅರ್ಧಕ್ಕೇ ಸಿಗುತ್ತದೆ, ಅದಕ್ಕೇ "ಇಷ್ಟು ಯಾರ್ ಕೊಡತಾರ" ಅಂದವರು ಬಹಳ. ಕೊಟ್ಟರು. ಎರಡು ಹಬ್ಬದ ಎಪ್ಪತ್ತು ಕೆಜಿ ಚಿಲ್ಲರೆಯಲ್ಲಿ ಗಿರಣಿಯ ದುಡ್ಡು ಮರಳಿತು. ಓವನ್ನಿನದು ಇನ್ನೂ ಬರಬೇಕು, ನನ್ನ ಕೂಲಿ ಇದರಲ್ಲಿ ಹಿಡಿದಿಲ್ಲ. ತುಸು ಹೆಚ್ಚು ಬೇಯಿಸಿ ಒಣಗಿಸಿದ ನಕ್ಷತ್ರದ ಬಿಸ್ಕಿಟ್ ಸ್ಟೀಲ್ ಡಬ್ಬಿಯಲ್ಲಿ ಮೂರು ವಾರ ಗರಿಗರಿಯಾಗಿಯೇ ಇತ್ತು.

ಭಟ್ಟಿಯವರಿಗೂ ಒಂದು ಡಬ್ಬಿ ಕಳಿಸಿದ್ದೆ. ಹಿಟ್ಟು ಬೀಸಿಕೊಡುತ್ತೀರೇನು ಅಂತ ಈಗ ಅವರೇ ಕೇಳುತ್ತಿದ್ದಾರೆ. ದಿನಕ್ಕೆ ಹತ್ತು ಕೆಜಿ ಬೇಕಂತೆ. ಒಂದು ಎಚ್‌ಪಿಯಲ್ಲಿ ಅಷ್ಟನ್ನು ಬಿಸಿಯಾಗದಂತೆ ಬೀಸಲು ಆಗುವುದಿಲ್ಲ, ಎರಡು ಎಚ್‌ಪಿಯ ಕಲ್ಲಿನ ಗಿರಣಿಯ ರೇಟು ವಿಚಾರಿಸುತ್ತಿದ್ದೇನೆ.