ಲಂಡನ್ನಿಗೆ ಬಂದಿಳಿದ ಧಾರವಾಡದವರಿಗೆ

ಬಂದ ಮೊದಲ ವಾರವೇ ಯಾರಾದರೂ ನಿಮ್ಮನ್ನು ಟೂಟಿಂಗಿಗೋ ಈಸ್ಟ್ ಹ್ಯಾಮಿಗೋ ಕರೆದೊಯ್ದು ‘ನಿಮ್ಮ ಕಡೆಯ ಊಟ’ ಎಂದು ಮಸಾಲೆ ದೋಸೆ ಕೊಡಿಸುತ್ತಾರೆ. ಸಂತೋಷದಿಂದ ತಿನ್ನಿ. ನಮ್ಮದು ರೊಟ್ಟಿಯ ಸೀಮೆ ಎಂದು ವಿವರಿಸಲು ಹೋಗಬೇಡಿ. ನಾನು ಹದಿನಾರು ವರ್ಷಗಳಿಂದ ವಿವರಿಸುತ್ತಿದ್ದೇನೆ, ದೋಸೆ ಬರುವುದು ನಿಂತಿಲ್ಲ.

ಖಾನಾವಳಿ ಹುಡುಕಿ ಕಾಲು ಸವೆಸುವುದೂ ಬೇಡ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ತಾಟಿನ ಅಂಚಿಗೆ ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಎಣ್ಣೆಗಾಯಿ, ಗುರೆಳ್ಳು ಚಟ್ನಿಯ ಮೇಲೆ ಗಟ್ಟಿ ಮೊಸರು. ಸಾಕೆಂದು ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಇನ್ನರ್ಧ ರೊಟ್ಟಿ ಜಾರಿಸಿ ಹೋಗುವ ಬಡಿಸುವವ. ಅವನೊಬ್ಬನನ್ನು ಇಲ್ಲಿ ಒದಗಿಸಿಕೊಳ್ಳಲು ಸಾಧ್ಯವಿಲ್ಲ. ಉಳಿದದ್ದಕ್ಕೆಲ್ಲ ದಾರಿಯಿದೆ.

ವೆಂಬ್ಲಿಯ ಈಲಿಂಗ್ ರೋಡಿನ ಗುಜರಾತಿ ಅಂಗಡಿಗಳಲ್ಲಿ ‘ಜುವಾರ್’ ಎಂದು ಕೇಳಿ, ಜೋಳದ ಹಿಟ್ಟು ಕೊಡುತ್ತಾರೆ. ದಿನಾಂಕ ನೋಡಿ ಹೊಸದನ್ನೇ ಆರಿಸಿ, ಸಣ್ಣ ಚೀಲವನ್ನೇ ತನ್ನಿ. ಹಳೆಯ ಹಿಟ್ಟಿಗೆ ಜಿಗುಟಿರುವುದಿಲ್ಲ. ಬಡಿಯುವಾಗ ಅಂಚು ಬಿರಿಯುತ್ತದೆ, ಬಾಯಿಗೆ ಕಹಿ. ಕುದಿಯುವ ನೀರಿನಲ್ಲೇ ಕಲಸಿ ನಾದಿ. ಅಲ್ಲಿಯೇ ‘ಮಮ್ರಾ’ ಎಂದರೆ ಮಂಡಕ್ಕಿ, ಗಿರಮಿಟ್ಟಿಗೆ ನಡೆಯುತ್ತದೆ. ಆದರೆ ಪುಟಾಣಿ ಹಿಟ್ಟನ್ನು ಮನೆಯಲ್ಲಿ ನೀವೇ ಬೀಸಿಕೊಳ್ಳಿ. ಮಿರ್ಚಿ ಭಜಿಗೆ ಭಾರತೀಯ ಅಂಗಡಿಯ ಮೆಣಸಿನಕಾಯಿ ಬೇಡ, ಕಣ್ಣಲ್ಲಿ ನೀರು ಬರುತ್ತದೆ. ಟರ್ಕಿಯವರ ತರಕಾರಿ ಅಂಗಡಿಯಲ್ಲಿ ಸಿಗುವ ಉದ್ದನೆಯ ತಿಳಿಹಸಿರು ಮೆಣಸಿನಕಾಯಿ ನಮ್ಮ ಭಜಿ ಮೆಣಸಿನಕಾಯಿಗೆ ಬಹಳ ಹತ್ತಿರ.

ಒಂದು ಎಚ್ಚರಿಕೆ. ಇಲ್ಲಿಯ ಮನೆಗಳ ನೆಲ ಮರದ್ದು. ನನ್ನ ಮೊದಲ ಮನೆಯಲ್ಲಿ ರಾತ್ರಿ ಎಂಟಕ್ಕೆ ಕಟ್ಟೆಯ ಮೇಲೆ ಟಪಟಪನೆ ರೊಟ್ಟಿ ಬಡಿಯುತ್ತಿದ್ದೆ. ಮೂರನೆಯ ದಿನ ಕೆಳಗಿನ ಮನೆಯಾಕೆ ಬಾಗಿಲು ತಟ್ಟಿ, ಬಡಗಿ ಕೆಲಸ ಎಂದಿಗೆ ಮುಗಿಯುತ್ತದೆ ಎಂದು ಬಹಳ ಸೌಜನ್ಯದಿಂದ ಕೇಳಿದಳು. ಉತ್ತರ ಹೇಳುವಷ್ಟರಲ್ಲಿ ಹಂಚಿನ ಮೇಲೆ ಹಿಟ್ಟು ಸೀದು ಹೊಗೆಯ ಅಲಾರಾಂ ಕೂಗತೊಡಗಿತು. ಕಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಮಣೆ ಇಟ್ಟುಕೊಂಡರೆ ಸದ್ದು ಅರ್ಧ ಇಳಿಯುತ್ತದೆ. ಕಿಟಕಿ ತೆರೆಯುವುದನ್ನು ಮರೆಯಬೇಡಿ, ಜನವರಿಯಲ್ಲೂ.

ಪೇಡೆಯ ವಿಷಯದಲ್ಲಿ ಮಾತ್ರ ಸಮಾಧಾನ ಹೇಳಲಾರೆ. ಭಾರತದಿಂದ ಹಾಲಿನ ಪದಾರ್ಥ ಹೊತ್ತು ತರುವುದಕ್ಕೆ ಇಲ್ಲಿ ನಿಷೇಧವಿದೆ. ಲೈನ್ ಬಜಾರಿನ ಡಬ್ಬಿಯನ್ನು ವಿಮಾನ ನಿಲ್ದಾಣದ ಕಸದ ತೊಟ್ಟಿಗೆ ಹಾಕುವ ಸಂಕಟ ನಿಮಗೆ ಬೇಡ, ಊರಿನಲ್ಲೇ ತಿಂದು ಬನ್ನಿ. ಆ ಪೇಡೆಯನ್ನಾದರೂ ನಮ್ಮೂರಿಗೆ ತಂದವರು ಉತ್ತರ ಪ್ರದೇಶದ ಉನ್ನಾವೊದ ಠಾಕೂರ್ ಮನೆತನದವರು. ನಮ್ಮ ಹಿಂದೂಸ್ತಾನಿ ಗಾಯನದ ಕಥೆಯೂ ಬೇರೆಯಲ್ಲ. ಅಬ್ದುಲ್ ಕರೀಂ ಖಾನ್ ಅದೇ ಪ್ರಾಂತದ ಕೈರಾನಾದವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅವರಲ್ಲಿ ಪಾಠಕ್ಕೆ ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಕಲಿತದ್ದೂ ಅಲ್ಲೇ. ಪರಊರಿನದು ನಮ್ಮ ಊರಿನದಾಗಲು ಎರಡು ತಲೆಮಾರು ಸಾಕಾಯಿತು.

ಆದ್ದರಿಂದ ಇಲ್ಲಿ ‘ಕನ್ನಡದವರೇ? ಹಾಗಾದರೆ ಕರ್ನಾಟಕ ಸಂಗೀತ ಕಲಿಸಿ’ ಎಂದರೆ ಗಲಿಬಿಲಿಗೊಳ್ಳಬೇಡಿ. ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾಭವನದಲ್ಲಿ ಹಿಂದೂಸ್ತಾನಿಯನ್ನೂ ಕಲಿಸುತ್ತಾರೆ. ಮಕ್ಕಳಿಗೆ ಮೊದಲು ಗಂಗೂಬಾಯಿಯವರ ಧ್ವನಿ ಕೇಳಿಸಿ. ‘ಹಾಡುತ್ತಿರುವುದು ಅಜ್ಜನೋ ಅಜ್ಜಿಯೋ’ ಎಂದು ನನ್ನ ಮಗಳು ಕೇಳಿದ್ದಳು, ಆಮೇಲೆ ಬಿಡಲಿಲ್ಲ. ಮಲ್ಲಿಕಾರ್ಜುನ ಮನ್ಸೂರರನ್ನು ಮಾತ್ರ ಅಡುಗೆ ಮಾಡುತ್ತಾ ಕೇಳಬೇಡಿ. ತಾನಿನ ಬಾಲ ಹಿಡಿದು ಹೊರಟರೆ ಹಂಚಿನ ಮೇಲಿನದು ಕರಕಲಾಗುತ್ತದೆ.

ಅವರು ಹಾಡಿದ ವಚನಗಳನ್ನು ಕೇಳಲು ಒಂದು ಜಾಗವಿದೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಿಂದ ಬಸವಣ್ಣನವರ ಪ್ರತಿಮೆ ನಿಂತಿದೆ. ಬಿಸಿಲಿರುವ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ. ಕಡಕ್ ರೊಟ್ಟಿಯಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಒಯ್ಯಿರಿ, ಹೊಳೆಯ ತೇವದ ಗಾಳಿಗೆ ಬೇಗ ಮೆತ್ತಗಾಗುತ್ತದೆ.